ಫಿಟ್ಸ್ ಮಾತ್ರೆ ತಗೊಳ್ಳುವವರ ಮನೆಯಲ್ಲಿ ಲಿವರ್ ಕಡೆಗೂ ಒಂದು ಕಣ್ಣು

ಚಿಂತಾಮಣಿಯಲ್ಲಿ ಇಪ್ಪತ್ತು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ತಿಂಗಳಿಗೊಮ್ಮೆ ಫಿಟ್ಸ್ ಮಾತ್ರೆ ಒಯ್ಯುವವರು ನನ್ನ ಅಂಗಡಿಗೆ ಬಹಳ ಜನ ಬರುತ್ತಾರೆ. ಅವರಲ್ಲಿ ಇಬ್ಬರ ಕಥೆ ಹೇಳಿ ವಿಷಯಕ್ಕೆ ಬರುತ್ತೇನೆ.

ಒಬ್ಬರು ರೇಷ್ಮೆ ಬೆಳೆಗಾರರು. ಒಂದು ದಿನ ಲಿವರ್ ಪರೀಕ್ಷೆಯ ಲ್ಯಾಬ್ ರಿಪೋರ್ಟ್ ಹಿಡಿದು ಬಂದರು. "ಅಣ್ಣಾ, ಎಸ್‌ಜಿಪಿಟಿ 72 ಬಂದಿದೆ. ಲಿವರ್ ಹಾಳಾಯ್ತು ಅಂತ ಪಕ್ಕದ ಮನೆಯವರು ಅಂದ್ರು. ಮಾತ್ರೆ ನಿಲ್ಲಿಸಿ ನಾಲ್ಕು ದಿನ ಆಯ್ತು." ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಅಂದೆ. ಆಯ್ತು ಅಂದವರು ಮಾಡಲಿಲ್ಲ. ಮಾರನೇ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ತೋಟದಲ್ಲೇ ಬಿದ್ದರು. ಹಣೆಗೆ ಏಳು ಹೊಲಿಗೆ.

ಇನ್ನೊಂದು ನನ್ನದೇ ತಪ್ಪು. ಹಳ್ಳಿಯಿಂದ ಬಂದ ಒಬ್ಬ ತಾಯಿ ಮೂರು ವರ್ಷದ ಮಗನಿಗೆ ವಾಂತಿ ಸಿರಪ್ ಕೇಳಿದರು. ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದರು. ವಾಂತಿ ನಿಂತಿಲ್ಲ, ಊಟ ಸೇರುತ್ತಿಲ್ಲ, ಮಗು ಯಾವಾಗಲೂ ಮಲಗೇ ಇರುತ್ತದೆ ಅಂದರು. ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಚಿಲ್ಲರೆ ಎಣಿಸುತ್ತಿದ್ದೆ. ಆಗ ಅವರೇ, "ಫಿಟ್ಸ್ ಔಷಧಿ ಜೊತೆ ಇದನ್ನೂ ಕೊಡಬಹುದಲ್ವಾ?" ಅಂದರು. ಎರಡು ತಿಂಗಳಿಂದ ವಾಲ್ಪ್ರೊಯೇಟ್ ಸಿರಪ್ ನಡೆಯುತ್ತಿತ್ತು. ಮೊದಲ ದಿನವೇ ನಾನು ಕೇಳಬೇಕಿದ್ದ ಪ್ರಶ್ನೆ ಅದು. ಅವತ್ತೇ ಬೆಂಗಳೂರಿಗೆ ಕಳಿಸಿದೆವು. ಮಗುವಿನ ಲಿವರ್‌ಗೆ ಪೆಟ್ಟಾಗಿತ್ತು. ಔಷಧಿ ಬದಲಾಯಿಸಿದರು, ಉಳಿಯಿತು. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಅನಿಸುತ್ತದೆ.

ಒಬ್ಬರು ರಿಪೋರ್ಟ್ ನೋಡಿ ಹೆದರಿದರು. ಇನ್ನೊಂದು ಕಡೆ ಮಗುವಿನ ಮುಖ ಹೇಳುತ್ತಿದ್ದದ್ದು ನಮಗೆ ಕೇಳಲಿಲ್ಲ. ಫಿಟ್ಸ್ ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗುವಾಗ ಅದರ ಸುಳಿವು ಎಷ್ಟೋ ಸಲ ಲ್ಯಾಬಿಗಿಂತ ಮುಂಚೆ ಮನೆಯವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಇದನ್ನು ಮನೆಯವರಿಗೆ ಅಂತಲೇ ಬರೆದಿದ್ದೇನೆ.

1. ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ

ಸ್ಟ್ರಿಪ್ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು. ವಾಲ್ಪರಿನ್, ಎನ್ಕೊರೇಟ್ ಎರಡರಲ್ಲೂ ಇರುವುದು ವಾಲ್ಪ್ರೊಯೇಟ್. ಡೈವಾಲ್ಪ್ರೊಯೆಕ್ಸ್ ಅಂತ ಬರೆದಿದ್ದರೂ ಅದೇ ಮನೆತನ. ಎಪ್ಟಾಯಿನ್ ಅಂದರೆ ಫೆನಿಟಾಯಿನ್. ಟೆಗ್ರಿಟಾಲ್ ಅಂದರೆ ಕಾರ್ಬಮಜೆಪಿನ್. ಗಾರ್ಡಿನಾಲ್ ಅಂದರೆ ಫಿನೋಬಾರ್ಬಿಟೋನ್. ಲೆವಿಪಿಲ್ ಅಂದರೆ ಲೆವೆಟಿರಾಸೆಟಮ್. ಫ್ರಿಸಿಯಂ ಅಂದರೆ ಕ್ಲೋಬಜಾಮ್.

ಇದನ್ನು ಯಾಕೆ ಓದಬೇಕು? ಆಸ್ಪತ್ರೆಯಲ್ಲಿ ಒಂದು ಹೆಸರಿನ ಮಾತ್ರೆ ಕೊಟ್ಟಿರುತ್ತಾರೆ. ಅದು ಮುಗಿದಾಗ ಊರಿನ ಅಂಗಡಿಯಲ್ಲಿ ಬೇರೆ ಹೆಸರಿನದು ಸಿಗುತ್ತದೆ. ಎರಡೂ ಬೇರೆ ಬೇರೆ ಔಷಧಿ ಅಂದುಕೊಂಡು ಜೊತೆಯಾಗಿ ನುಂಗುವವರನ್ನು ನೋಡಿದ್ದೇನೆ. ಒಂದೇ ಔಷಧಿ ಎರಡು ಪಾಲು ಒಳಗೆ ಹೋಗುತ್ತಿರುತ್ತದೆ. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಮಾತ್ರೆ ತಗೊಂಡರೂ ಮೊದಲು ಸಣ್ಣಕ್ಷರ ನೋಡಿ.

ಸ್ಟ್ರಿಪ್‌ನ ಹಿಂದು ಮುಂದು ಎರಡೂ ಕಡೆ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. "ಬಿಳಿ ಮಾತ್ರೆ, ಉದ್ದಕ್ಕೆ ಇರುತ್ತೆ" ಅಂತ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ವಾಲ್ಪ್ರೊಯೇಟ್ ಬರೀ ಫಿಟ್ಸ್‌ಗೆ ಕೊಡುವ ಮಾತ್ರೆಯಲ್ಲ. ಮೈಗ್ರೇನ್ ತಲೆನೋವಿಗೂ ಕೆಲವು ಮನೋರೋಗಗಳಿಗೂ ಕೊಡುತ್ತಾರೆ. "ನಮಗೆ ಫಿಟ್ಸ್ ಇಲ್ಲ, ಇದು ನಮಗಲ್ಲ" ಅಂತ ಪುಟ ಮುಚ್ಚಬೇಡಿ.

2. ಪೆಟ್ಟು ಬೀಳುವ ದಾರಿ ಎರಡು

ಎಲ್ಲ ಫಿಟ್ಸ್ ಮಾತ್ರೆಗಳೂ ಲಿವರ್‌ಗೆ ಒಂದೇ ತರಹ ತೊಂದರೆ ಕೊಡುವುದಿಲ್ಲ. ಕೆಲವು ಕೊಡುವುದೇ ಅಪರೂಪ.

ಮೊದಲು ವಾಲ್ಪ್ರೊಯೇಟ್. ಇದರ ಹುಟ್ಟೇ ಸ್ವಾರಸ್ಯ. 1882ರಲ್ಲಿ ಅಮೆರಿಕದ ಬೆವರ್ಲಿ ಬರ್ಟನ್ ಇದನ್ನು ತಯಾರಿಸಿದರು. ಸುಮಾರು ಎಂಬತ್ತು ವರ್ಷ ಇದು ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿ ಮಾತ್ರ ಬಳಕೆಯಲ್ಲಿತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯರ್ ಎಮಾರ್ ಬೇರೆ ಔಷಧಿಗಳನ್ನು ಪರೀಕ್ಷಿಸುವಾಗ ಅವನ್ನು ಇದರಲ್ಲಿ ಕರಗಿಸಿದರು. ಏನು ಕರಗಿಸಿ ಕೊಟ್ಟರೂ ಫಿಟ್ಸ್ ತಡೆಯುತ್ತಿತ್ತು. ಕೊನೆಗೆ ನೋಡಿದರೆ ಕೆಲಸ ಮಾಡುತ್ತಿದ್ದದ್ದು ಕರಗಿಸಿದ ದ್ರವವೇ!

ವಾಲ್ಪ್ರೊಯೇಟ್ ಒಂದು ಬಗೆಯ ಕೊಬ್ಬಿನ ಆಮ್ಲ. ನಮ್ಮ ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಊಟದ ಕೊಬ್ಬನ್ನು ಉರಿಸಿ ಶಕ್ತಿ ಕೊಡುವುದು ಅವುಗಳ ಕೆಲಸ. ವಾಲ್ಪ್ರೊಯೇಟೂ ಅದೇ ಒಲೆಗೆ ಹೋಗುತ್ತದೆ. ಕೊಬ್ಬನ್ನು ಒಲೆಯೊಳಗೆ ಸಾಗಿಸುವ ಕಾರ್ನಿಟಿನ್ ಎಂಬ ಪದಾರ್ಥವನ್ನೂ ಖರ್ಚು ಮಾಡುತ್ತದೆ. ಹೆಚ್ಚಿನವರಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ಹುಟ್ಟಿನಿಂದಲೇ ಒಲೆ ದುರ್ಬಲವಾಗಿದ್ದವರಲ್ಲಿ ಕೊಬ್ಬು ಉರಿಯದೆ ಲಿವರ್ ಕೋಶದೊಳಗೆ ಸಣ್ಣ ಸಣ್ಣ ಹನಿಗಳಾಗಿ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಅಮೋನಿಯಾ ಏರುತ್ತದೆ. ಅಮೋನಿಯಾ ಏರಿದರೆ ಮಂಕು, ವಾಂತಿ, ನಿದ್ದೆ. ಆ ತಾಯಿ ನನ್ನ ಅಂಗಡಿಯಲ್ಲಿ ನಿಂತು ಹೇಳಿದ್ದು ಇದನ್ನೇ.

ಈ ದೊಡ್ಡ ಪೆಟ್ಟು ಸಾಮಾನ್ಯವಾಗಿ ಮಾತ್ರೆ ಶುರುವಾದ ಮೊದಲ ಆರು ತಿಂಗಳೊಳಗೆ ಬರುತ್ತದೆ. ಎಲ್ಲರಿಗಿಂತ ಜಾಸ್ತಿ ಅಪಾಯ ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಫಿಟ್ಸ್ ಔಷಧಿ ತಗೊಳ್ಳುವವರಿಗೆ. ಅಮೆರಿಕದಲ್ಲಿ 1987ರಲ್ಲಿ ಪ್ರಕಟವಾದ ಒಂದು ಲೆಕ್ಕ ಈಗಲೂ ಡಾಕ್ಟರ್‌ಗಳ ಬಾಯಲ್ಲಿದೆ. ಎರಡು ವರ್ಷದೊಳಗಿನ, ಹಲವು ಔಷಧಿ ತಗೊಳ್ಳುತ್ತಿದ್ದ ಮಕ್ಕಳಲ್ಲಿ ಲಿವರ್ ಕೆಟ್ಟು ಸಾವು ಸುಮಾರು 500ಕ್ಕೆ ಒಂದು. ವಾಲ್ಪ್ರೊಯೇಟ್ ಒಂದನ್ನೇ ತಗೊಳ್ಳುವವರಲ್ಲಿ ಸುಮಾರು 37,000ಕ್ಕೆ ಒಂದು. ಎರಡೂ ಸಂಖ್ಯೆಯನ್ನು ಒಟ್ಟಿಗೆ ನೆನಪಿಡಿ. ಮೊದಲನೆಯದನ್ನು ಮಾತ್ರ ಕೇಳಿದವರು ಮಾತ್ರೆ ಎಸೆಯುತ್ತಾರೆ, ಎರಡನೆಯದನ್ನು ಮಾತ್ರ ಕೇಳಿದವರು ಮಗುವನ್ನು ನೋಡುವುದು ಬಿಡುತ್ತಾರೆ.

ಎರಡನೇ ದಾರಿ ಅಲರ್ಜಿಯದು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಈ ಗುಂಪಿನವು. ಲಾಮೊಟ್ರಿಜಿನ್ ಕೂಡ ಹೀಗೆ ಮಾಡಬಲ್ಲದು. ಮಾತ್ರೆ ಶುರುವಾಗಿ ಎರಡರಿಂದ ಎಂಟು ವಾರದೊಳಗೆ ಜ್ವರ, ಮೈಮೇಲೆ ಕೆಂಪು ದದ್ದು, ಮುಖ ಊದುವುದು, ಕತ್ತಿನಲ್ಲಿ ಗಂಟು. ನೋಡಿದವರು ದಡಾರ ಅನ್ನುತ್ತಾರೆ, ಅಮ್ಮ ಅನ್ನುತ್ತಾರೆ, ಬೇವಿನ ಸೊಪ್ಪು ಹಾಸುತ್ತಾರೆ. ಅಷ್ಟರಲ್ಲಿ ಲಿವರ್ ಒಳಗೂ ಅದೇ ಉರಿ ಹತ್ತಿರುತ್ತದೆ. ಡಾಕ್ಟರ್‌ಗಳು ಇದನ್ನು ಡ್ರೆಸ್ ಅನ್ನುತ್ತಾರೆ. ಇದು ಸಾವಿರದಿಂದ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಬಂದವರಿಗೆ ಆಸ್ಪತ್ರೆಯೇ ಬೇಕು.

ಲೆವೆಟಿರಾಸೆಟಮ್, ಗ್ಯಾಬಪೆಂಟಿನ್ ಹೆಚ್ಚಾಗಿ ಕಿಡ್ನಿ ದಾರಿಯಲ್ಲಿ ಹೊರಗೆ ಹೋಗುತ್ತವೆ. ಲಿವರ್ ತೊಂದರೆ ಬಹಳ ಅಪರೂಪ. "ಹಾಗಾದರೆ ಎಲ್ಲರಿಗೂ ಅದನ್ನೇ ಕೊಡಬಾರದಾ?" ಅಂತ ಕೇಳುತ್ತಾರೆ. ಫಿಟ್ಸ್‌ನಲ್ಲಿ ಬಗೆಗಳಿವೆ. ಕೆಲವು ಬಗೆಗೆ ವಾಲ್ಪ್ರೊಯೇಟ್‌ನಷ್ಟು ಚೆನ್ನಾಗಿ ಬೇರೆ ಯಾವುದೂ ಕೆಲಸ ಮಾಡುವುದಿಲ್ಲ. ಲೆವೆಟಿರಾಸೆಟಮ್‌ಗೂ ತನ್ನದೇ ಕಾಟ ಇದೆ. ಕೆಲವರಿಗೆ ಸಿಟ್ಟು ಮೂಗಿನ ತುದಿಗೆ ಬಂದುಬಿಡುತ್ತದೆ.

3. ಮಾತ್ರೆ ಶುರು ಮಾಡುವ ಮೊದಲು ಹೇಳಬೇಕಾದ್ದನ್ನು ಹೇಳಿಬಿಡಿ

ಡಾಕ್ಟರ್ ಕೇಳಲಿ ಬಿಡಲಿ, ಕೆಲವು ವಿಷಯ ನೀವೇ ಹೇಳಬೇಕು. ಒಪಿಡಿಯಲ್ಲಿ ನಿಮ್ಮ ಹಿಂದೆ ಎಂಬತ್ತು ಜನ ನಿಂತಿರುತ್ತಾರೆ.

ನಮ್ಮ ಕಡೆ, ಕೋಲಾರ ಚಿಕ್ಕಬಳ್ಳಾಪುರ ಸೀಮೆಯಲ್ಲಿ, ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆ ಮಗಳನ್ನು ತರುವುದು ಹಳೇ ರೂಢಿ. ಯಾರನ್ನೂ ದೂರಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಇದೆ. ಆದರೆ ಮೊದಲು ಹೇಳಿದ ಆ ದುರ್ಬಲ ಒಲೆ ಎಷ್ಟೋ ಸಲ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ದೋಷ. ಸಂಬಂಧದಲ್ಲೇ ಮದುವೆಯಾದಾಗ ಅದು ಸೇರುವ ಸಾಧ್ಯತೆ ಜಾಸ್ತಿ. ಪೋಲ್‌ಜಿ ಎಂಬ ಜೀನ್‌ನಲ್ಲಿ ದೋಷ ಇರುವವರಿಗೆ ವಾಲ್ಪ್ರೊಯೇಟ್ ಕೊಡಲೇಬಾರದು. ಹಾಗಾಗಿ "ನಮ್ಮದು ಸಂಬಂಧದಲ್ಲೇ ಮದುವೆ" ಅಂತ ಹೇಳಿ. ಮನೆತನದಲ್ಲಿ ಹಿಂದೆ ಚಿಕ್ಕ ಮಕ್ಕಳು ಕಾರಣ ಗೊತ್ತಾಗದೆ ತೀರಿಹೋಗಿದ್ದರೆ ಹೇಳಿ. ಮಗು ಕುತ್ತಿಗೆ ನಿಲ್ಲಿಸಿದ್ದು, ನಡೆದದ್ದು ತಡವಾಗಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಅದನ್ನೂ ಹೇಳಿ. ಅಜ್ಜಿಯರನ್ನು ಕೇಳಿಕೊಂಡು ಹೋಗಿ. ಈ ಲೆಕ್ಕವೆಲ್ಲ ಇರುವುದು ಅವರ ಹತ್ತಿರ.

ಟಿಬಿ ಮಾತ್ರೆ ನಡೆಯುತ್ತಿದ್ದರೆ ಮರೆಯದೆ ಹೇಳಬೇಕು. ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಭಾರ. ಸಾಲದ್ದಕ್ಕೆ ಐಸೊನಿಯಾಜಿಡ್ ಬಂದರೆ ರಕ್ತದಲ್ಲಿ ಫೆನಿಟಾಯಿನ್ ಏರಬಹುದು, ರಿಫಾಂಪಿಸಿನ್ ಬಂದರೆ ಫಿಟ್ಸ್ ಮಾತ್ರೆಯ ಬಲ ಇಳಿಯಬಹುದು. ಟಿಬಿಗೆ ಒಂದು ಕಡೆ, ಫಿಟ್ಸ್‌ಗೆ ಇನ್ನೊಂದು ಕಡೆ ತೋರಿಸುವವರು ಎರಡೂ ಚೀಟಿ ಎರಡೂ ಕಡೆ ತೋರಿಸಿ.

ಹಳೇ ಕಾಮಾಲೆ, ಹೆಪಟೈಟಿಸ್ ಬಿ, ಕುಡಿತ. ಕುಡಿತದ ವಿಷಯ ಹೆಂಡತಿ ಮುಂದೆ ಹೇಳಲು ಆಗದಿದ್ದರೆ ಡಾಕ್ಟರ್ ಹತ್ತಿರ ಒಬ್ಬರೇ ಹೋಗಿ ಹೇಳಿ.

ಹೆಣ್ಣುಮಕ್ಕಳಾದರೆ ಇನ್ನೊಂದು ದೊಡ್ಡ ವಿಷಯ. ಗರ್ಭಿಣಿ ವಾಲ್ಪ್ರೊಯೇಟ್ ತಗೊಂಡರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಅಂಗದೋಷ ಬರುತ್ತದೆ. ಇದು ಲಿವರ್ ವಿಷಯವಲ್ಲ. ಆದರೂ ಮದುವೆ ಗೊತ್ತಾದ ಹುಡುಗಿಗೆ ಇದೇ ಮಾತ್ರೆ ಬರೆದ ಚೀಟಿ ನನ್ನ ಕೌಂಟರಿಗೆ ಬರುತ್ತಲೇ ಇರುತ್ತದೆ. ಸುಮ್ನೆ ಇರಲು ಮನಸ್ಸಾಗುವುದಿಲ್ಲ. ಮದುವೆಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

4. ಶುರುವಿಗೆ ಮೊದಲು ಒಂದು ರಕ್ತ ಪರೀಕ್ಷೆ

ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆ. ಜೊತೆಗೆ ರಕ್ತದ ಕಣಗಳ ಲೆಕ್ಕ. ವಾಲ್ಪ್ರೊಯೇಟ್ ಆದರೆ ಮೊದಲ ಆರು ತಿಂಗಳಲ್ಲಿ ಡಾಕ್ಟರ್ ಹೇಳಿದಾಗಲೆಲ್ಲ ಮತ್ತೆ ಮಾಡಿಸಿ. ಮೊದಲ ರಿಪೋರ್ಟ್ ಇಲ್ಲದಿದ್ದರೆ ಮುಂದೆ ಏರಿದ್ದು ಮಾತ್ರೆಯಿಂದಲೋ ಮೊದಲೇ ಇತ್ತೋ ಹೇಳಲು ಆಗುವುದಿಲ್ಲ. ಇಷ್ಟು ಸಾಕು ಇದಕ್ಕೆ.

5. ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ರಕ್ತ ಪರೀಕ್ಷೆ ಇರುವುದು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ. ನಡುವೆ ಲಿವರ್ ಕೆಡಲು ಕೆಲವೇ ದಿನ ಸಾಕು. ವಾಲ್ಪ್ರೊಯೇಟ್ ವಿಷಯದಲ್ಲಿ ಇನ್ನೊಂದು ಪೇಚು ಇದೆ. ತೊಂದರೆ ಶುರುವಾದಾಗ ರಿಪೋರ್ಟ್ ಸರಿಯಾಗಿಯೇ ಇರಬಹುದು. ಮಗು ಮಂಕಾಗಿದೆ, ರಿಪೋರ್ಟ್ ಮಾತ್ರ ಚೆನ್ನಾಗಿದೆ ಅಂದರೆ ಮಗುವನ್ನು ನಂಬಿ.

ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರ್ ಮೇಲೆ ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು ಅಂತ ಬರೆದಿರುತ್ತದೆ. ಅದೇ ಚೌಕದಲ್ಲಿ ಒಂದೊಂದು ಮಾತು ಸೇರಿಸಿ. ಮಾತ್ರೆ ಆಯಿತಾ, ಊಟ ಸೇರಿತಾ, ವಾಂತಿ ಆಯಿತಾ, ಫಿಟ್ಸ್ ಬಂತಾ. ಮಾತ್ರೆ ಶುರುವಾದ ದಿನಕ್ಕೆ ಕೆಂಪು ಗೆರೆ ಹಾಕಿ. ಡೋಸ್ ಏರಿಸಿದ ದಿನಕ್ಕೂ ಹಾಕಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಯ ಫೋಟೋ ತೋರಿಸಿ. "ಒಂದು ವಾರದಿಂದ ಸ್ವಲ್ಪ ಸುಸ್ತು" ಅನ್ನುವುದಕ್ಕಿಂತ "ಮಾತ್ರೆ ಶುರುವಾಗಿ 52ನೇ ದಿನದಿಂದ ಮುದ್ದೆ ಮುಟ್ಟುತ್ತಿಲ್ಲ" ಅಂದರೆ ಡಾಕ್ಟರ್‌ಗೆ ಕೂಡಲೇ ವಿಷಯ ತಲೆಗೆ ಹೋಗುತ್ತದೆ.

ನೋಡಬೇಕಾದ್ದು ಏನು? ಊಟದ ಮೇಲೆ ಇದ್ದಕ್ಕಿದ್ದಂತೆ ಬೇಸರ. ಅವರೆಕಾಳು ಸಾರು ಅಂದರೆ ಎದ್ದು ಬರುತ್ತಿದ್ದ ಮಗು ತಟ್ಟೆ ತಳ್ಳುತ್ತದೆ. ಎರಡು ಮೂರು ಸಲ ವಾಂತಿ. ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಮಲಗುವುದು. ಮಾತು ತಡವರಿಸುವುದು, ನಡೆಯುವಾಗ ತೂರಾಡುವುದು. ಕಣ್ಣ ಸುತ್ತ, ಮುಖ ಊದುವುದು. ಬಲಗಡೆ ಪಕ್ಕೆ ಕೆಳಗೆ ನೋವು. ಸುಮ್ನೆ ತಗುಲಿದರೂ ಕಪ್ಪುಗಟ್ಟುವುದು, ಹಲ್ಲುಜ್ಜುವಾಗ ರಕ್ತ. ಕೊನೆಗೆ ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿ.

ಹಳದಿಯನ್ನು ಕೊನೆಗೆ ಬರೆದದ್ದು ಬೇಕೆಂದೇ. ನಮ್ಮವರು ಲಿವರ್ ಅಂದರೆ ಮೊದಲು ಕಣ್ಣು ಹಳದಿಯಾಗಿದೆಯಾ ಅಂತ ನೋಡುತ್ತಾರೆ. ವಾಲ್ಪ್ರೊಯೇಟ್‌ನಲ್ಲಿ ಹಳದಿ ಬರುವ ಹೊತ್ತಿಗೆ ಎಷ್ಟೋ ಸಲ ಕೆಲಸ ಕೆಟ್ಟಿರುತ್ತದೆ.

ಇನ್ನೊಂದು ಲಕ್ಷಣ ಬಹಳ ಜನಕ್ಕೆ ಗೊತ್ತಿಲ್ಲ. ಹತೋಟಿಯಲ್ಲಿದ್ದ ಫಿಟ್ಸ್ ಕಾರಣವಿಲ್ಲದೆ ಜಾಸ್ತಿಯಾಗುವುದೂ ಲಿವರ್ ಕೆಡುತ್ತಿರುವ ಸೂಚನೆ ಇರಬಹುದು. ಮನೆಯವರು ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ತಾವೇ ಅರ್ಧ ಮಾತ್ರೆ ಏರಿಸುತ್ತಾರೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಫೆನಿಟಾಯಿನ್ ಗುಂಪಿನವರು ಮೊದಲ ಎರಡು ತಿಂಗಳು ಚರ್ಮ ನೋಡಿ. ಬಾಯಿಯ ಒಳಗೂ ನೋಡಿ. ಜ್ವರದ ಜೊತೆ ದದ್ದು ಬಂದರೆ ಅವತ್ತೇ ತೋರಿಸಬೇಕು.

6. ರಿಪೋರ್ಟ್ ಬಂದಾಗ ದಪ್ಪ ಅಕ್ಷರಕ್ಕೆ ಹೆದರಬೇಡಿ

ಲ್ಯಾಬಿನ ಯಂತ್ರ ಮಿತಿ ದಾಟಿದ ಸಂಖ್ಯೆಯನ್ನೆಲ್ಲ ದಪ್ಪ ಅಕ್ಷರದಲ್ಲಿ ಒತ್ತುತ್ತದೆ. ಅದರಲ್ಲಿ ಯಾವುದು ಸುಮ್ಮನಿರುವಂಥದ್ದು, ಯಾವುದು ಓಡಿಸುವಂಥದ್ದು ಅಂತ ಅದಕ್ಕೆ ಗೊತ್ತಿಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಕೋಶ ಒಡೆದಾಗ ಸೋರುವ ಪದಾರ್ಥ. ಮಿತಿ ಸಾಮಾನ್ಯವಾಗಿ 40ರ ಆಸುಪಾಸು, ಲ್ಯಾಬಿಗೆ ತಕ್ಕಂತೆ ಸ್ವಲ್ಪ ಆಚೀಚೆ. ರೇಷ್ಮೆ ಬೆಳೆಗಾರರ 72 ಎರಡು ಪಟ್ಟೂ ಆಗಿರಲಿಲ್ಲ. ವಾಲ್ಪ್ರೊಯೇಟ್ ತಗೊಳ್ಳುವ ಕೆಲವರಲ್ಲಿ ಇಷ್ಟು ಏರಿ, ಮಾತ್ರೆ ಮುಂದುವರಿಸಿದರೂ ತಾನೇ ಇಳಿಯುತ್ತದೆ. ಆರಾಮಾಗಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಡೋಸ್ ನೋಡಿ ಕೆಲವು ವಾರದಲ್ಲಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಮೂರು ಪಟ್ಟು ದಾಟಿದ್ದು, ಜೊತೆಗೆ ಕಣ್ಣು ಹಳದಿ ಮಾಡುವ ಬಿಲಿರುಬಿನ್ ಕೂಡ ಎರಡು ಪಟ್ಟಾಗಿದ್ದರೆ ಮಾತು ಬೇರೆ. ಔಷಧಿಯಿಂದ ಹೀಗಾದವರಲ್ಲಿ ಹತ್ತರಲ್ಲಿ ಒಬ್ಬರಾದರೂ ಜೀವಕ್ಕೆ ಅಪಾಯ ತಂದುಕೊಳ್ಳುತ್ತಾರೆ ಅಂತ ಲಿವರ್ ತಜ್ಞ ಹೈಮನ್ ಝಿಮ್ಮರ್‌ಮನ್ ಗಮನಿಸಿದ್ದರು. ಅವರ ಹೆಸರಿನಿಂದಲೇ ಅದನ್ನು ಹೈ ನಿಯಮ ಅನ್ನುತ್ತಾರೆ.

ಎಸ್‌ಜಿಒಟಿ ಬರೀ ಲಿವರ್‌ನದಲ್ಲ, ಮಾಂಸಖಂಡದಲ್ಲೂ ಇದೆ. ಜೋರಾಗಿ ಫಿಟ್ಸ್ ಬಂದ ಮಾರನೇ ದಿನ ರಕ್ತ ಕೊಟ್ಟರೆ ಅದೊಂದೇ ಏರಿರಬಹುದು. ರಕ್ತ ಕೊಡುವ ಮೊದಲು ಫಿಟ್ಸ್ ಬಂದಿತ್ತು ಅಂತ ಹೇಳಿ.

ಜಿಜಿಟಿ ಅಂತ ಇನ್ನೊಂದು ಇರುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ವರ್ಷಗಟ್ಟಲೆ ತಗೊಳ್ಳುವವರಲ್ಲಿ ಇದು ಏರಿರುವುದು ಮಾಮೂಲಿ. ಲಿವರ್ ಹಾಳಾದದ್ದಕ್ಕೆ ಅಲ್ಲ, ಮಾತ್ರೆ ಅರಗಿಸಲು ಲಿವರ್ ಜಾಸ್ತಿ ಕೆಲಸಗಾರರನ್ನು ಇಟ್ಟುಕೊಂಡಿದೆ ಅಷ್ಟೆ. ಕುಡಿತದಿಂದಲೂ ಇದು ಏರುವುದರಿಂದ, ಈ ಒಂದು ಸಾಲು ನೋಡಿ, ಗಂಡ ಕದ್ದು ಕುಡಿಯುತ್ತಾನೆ ಅಂತ ಮನೆಯಲ್ಲಿ ಜಗಳ ಆದದ್ದೂ ನನಗೆ ಗೊತ್ತು.

ನಿಜವಾಗಿ ಗಮನ ಕೊಡಬೇಕಾದವು ಮೂರು: ಬಿಲಿರುಬಿನ್, ಲಿವರ್ ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟುವ ಸಮಯ, ಅಂದರೆ ಪಿಟಿ ಐಎನ್‌ಆರ್. ಇವು ಹೇಳುವುದು ಲಿವರ್ ಎಷ್ಟು ಸೋರುತ್ತಿದೆ ಅಂತ ಅಲ್ಲ, ಅದು ಕೆಲಸ ಮಾಡುತ್ತಿದೆಯಾ ಅಂತ. ಐಎನ್‌ಆರ್ ಸಾಮಾನ್ಯವಾಗಿ 1ರ ಹತ್ತಿರ ಇರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳದವರಲ್ಲಿ 1.5 ದಾಟಿದರೆ ಅವತ್ತೇ ಆಸ್ಪತ್ರೆ.

ಅಮೋನಿಯಾ ಪರೀಕ್ಷೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ. ರಕ್ತದ ಮಾದರಿಯನ್ನು ಐಸ್ ಮೇಲಿಟ್ಟು ಬೇಗ ಪರೀಕ್ಷಿಸಬೇಕು. ಇಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿ ಸಂಜೆ ನೋಡಿದ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ.

7. ಹೊರಡಬೇಕಾದಾಗ

ವಾಂತಿ ನಿಲ್ಲುತ್ತಿಲ್ಲ, ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ, ಕಣ್ಣು ಹಳದಿ, ಜ್ವರದ ಜೊತೆ ದದ್ದು, ಎಲ್ಲೆಂದರಲ್ಲಿ ರಕ್ತ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಹೊರಡುವ ಹೊತ್ತಿಗೆ ಮಾತ್ರೆ ಬರೆದ ಡಾಕ್ಟರ್‌ಗೂ ಫೋನ್ ಮಾಡಿ, ಮುಂದಿನ ಡೋಸ್ ಕೊಡಬೇಕಾ ಬೇಡವಾ ಕೇಳಿ. ಅವರು ಸಿಗದಿದ್ದರೆ ಅದಕ್ಕೆಂದು ಕಾಯಬೇಡಿ, ಆಸ್ಪತ್ರೆ ತಲುಪಿದ ಕೂಡಲೇ ಅದನ್ನೇ ಮೊದಲು ಕೇಳಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಸಿರಪ್ ಆಗಲಿ ನೀರಾಗಲಿ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ.

ಲಕ್ಷಣ ಇಲ್ಲದೆ ಬರೀ ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬರಬಹುದು. ಐದು ನಿಮಿಷ ದಾಟಿದ ಫಿಟ್ಸ್ ಅದೇ ಒಂದು ತುರ್ತು. ಲಿವರ್‌ಗೆ ನಿಜವಾಗಿಯೂ ಪೆಟ್ಟಾಗಿದ್ದರೆ ಆಸ್ಪತ್ರೆಯಲ್ಲಿ ವಾಲ್ಪ್ರೊಯೇಟ್ ಅನ್ನು ಒಮ್ಮೆಲೇ ನಿಲ್ಲಿಸುತ್ತಾರೆ. ಆದರೆ ಅದೇ ಗಳಿಗೆಯಲ್ಲಿ ಬೇರೆ ಔಷಧಿ ಶುರು ಮಾಡಿರುತ್ತಾರೆ. ಕಾರ್ನಿಟಿನ್ ಇಂಜೆಕ್ಷನ್ ಕೊಡಬಹುದು. ಮನೆಯಲ್ಲಿ ನಿಲ್ಲಿಸುವುದಕ್ಕೂ ಅಲ್ಲಿ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಇದೇ.

ಎಲ್ಲಿಗೆ ಹೋಗುವುದು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜೂ ಇದೆ. ಹತ್ತಿರದ್ದಕ್ಕೆ ಮೊದಲು ಹೋಗಿ, ಡ್ರಿಪ್ ಹಾಕಿಸಿ ಸಕ್ಕರೆ ಮಟ್ಟ ನೋಡಿಸಿ. ಲಿವರ್ ಕೆಟ್ಟಾಗ ಸಕ್ಕರೆ ಇಳಿದುಹೋಗಬಹುದು. ಆಮೇಲೆ ಅವರು ಹೇಳಿದರೆ ಬೆಂಗಳೂರು. ನೇರ ನಿಮ್ಹಾನ್ಸ್‌ಗೇ ಹೋಗಬೇಕು ಅಂತ ಮೂರು ಆಸ್ಪತ್ರೆ ದಾಟಿ ಎರಡು ಗಂಟೆ ಕಾರಿನಲ್ಲಿ ಕೂರುವುದು ಜಾಣತನವಲ್ಲ. ತುರ್ತಿಲ್ಲದ ಮಾಮೂಲಿ ತಪಾಸಣೆಗೂ ಈಗ ಬೆಂಗಳೂರೇ ಆಗಬೇಕೆಂದಿಲ್ಲ. 2022ರಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದಾಗ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಇದ್ದವು. ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಎಲ್ಲಿದೆ, ಯಾವ ದಿನ ಅಂತ ವಿಚಾರಿಸಿ.

ಜೊತೆಗೆ ಒಯ್ಯಬೇಕಾದ್ದು: ಎಲ್ಲ ಸ್ಟ್ರಿಪ್, ಸಿರಪ್ ಬಾಟಲಿ, ಹಳೇ ರಿಪೋರ್ಟ್, ಕ್ಯಾಲೆಂಡರ್ ಹಾಳೆ. ನಾಟಿ ಔಷಧಿ ಕೊಟ್ಟಿದ್ದರೆ ಅದರ ಪೊಟ್ಟಣವೂ. ಬೈಯುತ್ತಾರೆ ಅಂತ ಬಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ.

8. ಸೊಪ್ಪಿನ ರಸ, ಟಾನಿಕ್, ನೋವಿನ ಮಾತ್ರೆ

ಕಾಮಾಲೆ ಅಂದ ಕೂಡಲೇ ನಮ್ಮ ಕಡೆ ಯಾರಾದರೂ ಒಬ್ಬರು ಭಾನುವಾರ ಬೆಳಿಗ್ಗೆ ಸೊಪ್ಪಿನ ರಸ ಕೊಡುವವರ ವಿಳಾಸ ಹೇಳುತ್ತಾರೆ. ಹಲವರಿಗೆ ಅದರಿಂದ ವಾಸಿಯಾದ ಹಾಗೆ ಕಾಣುತ್ತದೆ. ನೀರಿನಿಂದ ಬರುವ ಕಾಮಾಲೆ ಬಹುತೇಕ ತಾನಾಗಿಯೇ ಇಳಿಯುವುದರಿಂದ ಹೆಸರು ಸೊಪ್ಪಿಗೆ ಬರುತ್ತದೆ. ಮಾತ್ರೆಯಿಂದ ಬಂದ ಕಾಮಾಲೆ ಹಾಗಲ್ಲ. ಮಾತ್ರೆ ಒಳಗೆ ಹೋಗುತ್ತಿರುವ ತನಕ ಅದು ಏರುತ್ತಲೇ ಇರುತ್ತದೆ, ಸೊಪ್ಪು ಕುಡಿದ ಎರಡು ವಾರ ಹಾಗೇ ಕಳೆದುಹೋಗುತ್ತದೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಲಿವರ್‌ಗೆ ಒಳ್ಳೆಯದೇ ಅಂತಲೂ ಇಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

ಲಿವರ್ ಟಾನಿಕ್ ನನ್ನ ಅಂಗಡಿಯಲ್ಲೂ ಸಿಗುತ್ತದೆ. ಮಾರಿ ಲಾಭವೂ ಬರುತ್ತದೆ. ಆದರೆ ಟಾನಿಕ್ ಕುಡಿಯುತ್ತಿದ್ದೇವೆ, ರಕ್ತ ಪರೀಕ್ಷೆ ಯಾಕೆ ಅನ್ನುವವರಿಗೆ ನಾನೇ ಬೇಡ ಅನ್ನುತ್ತೇನೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಬಹುದು, ತೂಕಕ್ಕೆ ತಕ್ಕ ಡೋಸ್ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ತಿರ ಕೇಳಿ. ಒಂದೇ ದಿನ ಜ್ವರದ ಮಾತ್ರೆ, ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಅಂತ ಮೂರು ತಗೊಂಡರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು, ಇಲ್ಲೂ ಸಣ್ಣಕ್ಷರ ಓದಬೇಕು. ವಾಲ್ಪ್ರೊಯೇಟ್ ತಗೊಳ್ಳುವ ಮಕ್ಕಳಿಗೆ ಆಸ್ಪಿರಿನ್ ಬೇಡ, ಅದು ರಕ್ತದಲ್ಲಿ ವಾಲ್ಪ್ರೊಯೇಟ್‌ನ ಬಲ ಏರಿಸುತ್ತದೆ. ಇನ್ನು ಎಣ್ಣೆ ಹೊಡೆಯುವುದು. ಜಾತ್ರೆಗೆ ಒಂದು ದಿನ ಅಂತ ಮಾತ್ರೆ ಬಿಟ್ಟು ಎಣ್ಣೆ ಹಾಕುವ ಜಾಣರು ಇದ್ದಾರೆ. ಲಿವರ್‌ಗೂ ಪೆಟ್ಟು, ಫಿಟ್ಸ್‌ಗೂ ಆಹ್ವಾನ.

9. ಒಂದು ಸಲ ಆದಮೇಲೆ ಪರ್ಸಿನಲ್ಲಿ ಒಂದು ಚೀಟಿ

ಒಂದು ಮಾತ್ರೆಯಿಂದ ಲಿವರ್‌ಗೆ ಪೆಟ್ಟು ಬಿದ್ದಿದೆ ಅಂತ ಖಚಿತವಾದರೆ ಅದರ ಹೆಸರು ಜೀವನಪೂರ್ತಿ ನೆನಪಿರಬೇಕು. ಅಲರ್ಜಿ ಗುಂಪಿನಲ್ಲಿ ಇನ್ನೂ ಒಂದು ವಿಷಯ ಇದೆ. ಫೆನಿಟಾಯಿನ್ ಆಗದವರಿಗೆ ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಕೂಡ ಆಗದಿರುವ ಸಂಭವ ಬಹಳ. ಇವು ಅಣ್ಣತಮ್ಮಂದಿರು. ಬೇರೆ ಊರಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ ತುರ್ತು ವಿಭಾಗದವರು ಮೊದಲು ಹಾಕುವ ಇಂಜೆಕ್ಷನ್‌ಗಳಲ್ಲಿ ಫೆನಿಟಾಯಿನ್ ಒಂದು, ಅದರದೇ ಇನ್ನೊಂದು ರೂಪ ಫಾಸ್‌ಫೆನಿಟಾಯಿನ್. ಬಿದ್ದವರು ಎದ್ದು ಬೇಡ ಅನ್ನಲು ಆಗುವುದಿಲ್ಲ. ಚೀಟಿ ಅನ್ನಬೇಕು.

ಮಾತ್ರೆಯಿಂದ ಆದ ತೊಂದರೆಯನ್ನು ಸರ್ಕಾರದ ಔಷಧ ಸುರಕ್ಷತಾ ವಿಭಾಗಕ್ಕೆ ನೀವೇ ತಿಳಿಸಬಹುದು, ಡಾಕ್ಟರ್ ಮೂಲಕವೇ ಆಗಬೇಕೆಂದಿಲ್ಲ. ಉಚಿತ ಸಹಾಯವಾಣಿ 1800-180-3024.

ಚೀಟಿಯನ್ನು ನಾನು ಅಂಗಡಿಯಲ್ಲೇ ಬರೆದು, ಲ್ಯಾಮಿನೇಟ್ ಮಾಡಿಸಿ ಕೊಡುತ್ತೇನೆ. ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷ್. ನೀವೂ ಹೀಗೆ ಬರೆದುಕೊಳ್ಳಿ: "ನನಗೆ ಫಿಟ್ಸ್ ಇದೆ. ಫೆನಿಟಾಯಿನ್‌ನಿಂದ ಲಿವರ್‌ಗೆ ತೊಂದರೆಯಾಗಿದೆ. ಫೆನಿಟಾಯಿನ್, ಫಾಸ್‌ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಕೊಡಬೇಡಿ. ಈಗ ತಗೊಳ್ಳುತ್ತಿರುವ ಮಾತ್ರೆ ಇದು, ಡೋಸ್ ಇಷ್ಟು. ಮನೆಯವರ ನಂಬರ್ ಇದು." ಪರ್ಸಿನಲ್ಲಿ ಇಡಿ, ಇಲ್ಲವೇ ಫೋನ್ ಕವರ್‌ನ ಹಿಂದೆ ಸಿಕ್ಕಿಸಿ. ಡೋಸ್ ಬದಲಾದ ದಿನ ಚೀಟಿಯನ್ನೂ ಬದಲಾಯಿಸಿ.